ಜೀವ ಉಳಿಯಿತು, ಮುಂದೇನು? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಸನ್ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ತಲೆಗೆ ಪೆಟ್ಟು ಬಿದ್ದು ಬದುಕುಳಿದವರು ಮತ್ತು ಅವರ ಮನೆಯವರ ಪಾಡು

ಮಾನ್ಯರೇ,

ದೂರು ಹೇಳುವ ಮೊದಲು ಕೃತಜ್ಞತೆ ಹೇಳಿಬಿಡುತ್ತೇನೆ. 2016ರಲ್ಲಿ ಬಂದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ, ಅಪಘಾತದಲ್ಲಿ ಗಾಯಗೊಂಡವರ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಕೊಡುತ್ತದೆ ಎಂದಿತು. 2025ರಲ್ಲಿ ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸೆ ಯೋಜನೆ ಬಂತು. ಅದರಲ್ಲಿ 7 ದಿನ, ಒಂದೂವರೆ ಲಕ್ಷದವರೆಗೆ. ಎರಡೂ ಒಳ್ಳೆಯ ಯೋಜನೆಗಳೇ. ಅಪಘಾತವಾದ ಕೂಡಲೇ ದುಡ್ಡಿಗೆ ಪರದಾಡಿದವರಿಗೆ ಅದರ ಬೆಲೆ ಗೊತ್ತು.

ನನ್ನ ಪತ್ರ ಎಂಟನೇ ದಿನದಿಂದ ಮುಂದಿನದು.

ನಮ್ಮನೆಯವರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಹರಾಜಿನ ದಿನ ಯಾವ ರೈತರದ್ದು ಎಷ್ಟು ಚೀಲ, ಯಾವ ದರ, ಎಷ್ಟು ಮುಂಗಡ ಎಲ್ಲವೂ ತಲೆಯಲ್ಲೇ ಇರುತ್ತಿತ್ತು. ಒಂದು ಸಂಜೆ ಬೈಕಿನಲ್ಲಿ ಬರುವಾಗ ಬಣ್ಣ ಬಳಿಯದ ಹಂಪ್ ಕಾಣದೆ ಬಿದ್ದರು. ತಲೆಯ ಮೇಲೆ ಟೋಪಿಯಂಥ ಅರ್ಧ ಹೆಲ್ಮೆಟ್ ಇತ್ತು. ಅದು ಅವರಿಗಿಂತ ಮೊದಲು ನೆಲಕ್ಕೆ ಬಿದ್ದಿತ್ತು. ದಾರಿಯಲ್ಲಿ ಹೋಗುತ್ತಿದ್ದ ಆಟೋದವರು ಎತ್ತಿ ಹಾಕಿಕೊಂಡು ಬಂದರು. ಅವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆಪರೇಷನ್ ಆಯಿತು, ಐಸಿಯು ಆಯಿತು, ವಾರ್ಡ್ ಆಯಿತು. ಡಾಕ್ಟರುಗಳು ಜೀವ ಉಳಿಸಿದರು. ಆ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ.

ಮನೆಗೆ ಕಳಿಸುವಾಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಕಾನ್ಷಿಯಸ್, ಓರಿಯೆಂಟೆಡ್, ಆಂಬ್ಯುಲೆಂಟ್’ ಎಂದು ಬರೆದಿತ್ತು. ಅಂದರೆ ಎಚ್ಚರವಿದೆ, ತಾನೆಲ್ಲಿದ್ದೇನೆ ಅಂತ ಗೊತ್ತಿದೆ, ನಡೆಯುತ್ತಾರೆ. ಗ್ಲಾಸ್ಗೋ ಕೋಮಾ ಸ್ಕೇಲಿನಲ್ಲಿ 15ಕ್ಕೆ 15. ಸೇರಿಸಿದ ದಿನ ಅದು 7 ಇತ್ತು, ಹಾಗಾಗಿ ನಮಗೆಲ್ಲ ಖುಷಿಯೋ ಖುಷಿ. ಆ ಅಳತೆ ಏನೆಂದು ಆಮೇಲೆ ಓದಿ ತಿಳಿದುಕೊಂಡೆ. 1974ರಲ್ಲಿ ಸ್ಕಾಟ್ಲೆಂಡಿನ ಇಬ್ಬರು ವೈದ್ಯರು ಮಾಡಿದ್ದು. ಕಣ್ಣು ಬಿಡುತ್ತಾರಾ, ಮಾತಾಡುತ್ತಾರಾ, ಹೇಳಿದಂತೆ ಕೈಕಾಲು ಆಡಿಸುತ್ತಾರಾ, ಅದು ನೋಡುವುದು ಇಷ್ಟೇ. ಲೆಕ್ಕ ಮಾಡುತ್ತಾರಾ, ಸಿಟ್ಟು ತಡೆದುಕೊಳ್ಳುತ್ತಾರಾ, ಮಗಳ ಮುಖ ನೋಡಿ ಅವಳು ಅತ್ತಿದ್ದಾಳೆ ಅಂತ ಗುರುತು ಹಿಡಿಯುತ್ತಾರಾ ಅಂತ ಅದು ಕೇಳುವುದಿಲ್ಲ. ಕೇಳುವುದು ಅದರ ಕೆಲಸವೂ ಅಲ್ಲ. ಆದರೆ ಅದನ್ನು ಕೇಳುವವರು ಬೇರೆ ಯಾರೂ ಇರಲಿಲ್ಲ. ಮಾತ್ರೆ ಬರೆದರು, ಹೊಲಿಗೆ ಬಿಚ್ಚಿಸಿಕೊಳ್ಳಲು ಬನ್ನಿ ಅಂದರು. ಅಷ್ಟೇ.

ಮನೆಗೆ ಬಂದ ಮೇಲೆ ಒಂದೊಂದಾಗಿ ಗೊತ್ತಾಗುತ್ತಾ ಹೋಯಿತು. ಒಂದು ಬೆಳಿಗ್ಗೆ ನಾನು ನೀರು ಹಿಡಿಯಲು ಹೊರಗೆ ಹೋಗಿದ್ದೆ. ಬರುವಷ್ಟರಲ್ಲಿ ಮನೆ ತುಂಬ ಹೊಗೆ. ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಕರಕಲಾಗಿತ್ತು. ಅವರು ಒಲೆಯಿಂದ ಎರಡು ಮಾರು ದೂರದಲ್ಲಿ ಪೇಪರ್ ಹಿಡಿದು ಕೂತಿದ್ದರು. ವಾಸನೆಯೇ ಬಂದಿಲ್ಲ ಅವರಿಗೆ. ತಲೆಗೆ ಜೋರು ಪೆಟ್ಟು ಬಿದ್ದಾಗ ಮೂಗಿನಿಂದ ಮೆದುಳಿಗೆ ಹೋಗುವ ಸಣ್ಣ ನರಗಳು ಹರಿದು ಹೋಗಬಹುದಂತೆ. ಗ್ಯಾಸ್ ಸಿಲಿಂಡರ್ ಇರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು.

ಕೊತ್ತಂಬರಿ ಸೊಪ್ಪು ತನ್ನಿ ಅಂತ ಕಳಿಸಿದರೆ ಒಂದು ಚೀಲ ಈರುಳ್ಳಿ ಹೊತ್ತು ಬರುತ್ತಾರೆ. ಚಿಲ್ಲರೆ ಎಲ್ಲಿ ಅಂದರೆ ಗೊತ್ತಿಲ್ಲ. ಮಿಕ್ಸಿ ಶಬ್ದಕ್ಕೆ ಮೈಮೇಲೆ ಬಂದವರ ಹಾಗೆ ಕೂಗಾಡುತ್ತಾರೆ, ಹತ್ತು ನಿಮಿಷ ಕಳೆದರೆ ಯಾಕೆ ಕೂಗಿದೆ ಅನ್ನುವುದೇ ನೆನಪಿಲ್ಲ. ಮಧ್ಯಾಹ್ನವಾದರೆ ಕೆಲಸವೇನೂ ಮಾಡದಿದ್ದರೂ ಗದ್ದೆ ಉತ್ತು ಬಂದವರ ಹಾಗೆ ಸುಸ್ತು. ಮಂಡಿಯ ಯಜಮಾನರು ಒಳ್ಳೆಯವರು, ಮತ್ತೆ ಕೆಲಸಕ್ಕೆ ಕರೆದರು. ಖಾತೆ ಪುಸ್ತಕದಲ್ಲಿ ಅದೇ ದುಂಡನೆಯ ಅಕ್ಷರ. ತಾರೀಖು, ರೈತರ ಹೆಸರು, ಚೀಲ. ಮುಂದಿನ ಸಾಲಿನಲ್ಲೂ ಅದೇ ತಾರೀಖು, ಅದೇ ಹೆಸರು, ಅದೇ ಚೀಲ. ಅದರ ಮುಂದಿನ ಸಾಲಿನಲ್ಲೂ ಅದೇ. ಅವರ ಪ್ರಕಾರ ಲೆಕ್ಕ ಸರಿಯಾಗಿದೆ, ನಾವೇ ತಪ್ಪು ಹುಡುಕುತ್ತಿದ್ದೇವೆ. ಮೆದುಳಿನ ಮುಂಭಾಗಕ್ಕೆ ಪೆಟ್ಟಾದರೆ ತನಗೆ ಏನೋ ಆಗಿದೆ ಎನ್ನುವ ಅರಿವೇ ಹೋಗಬಹುದು ಅಂತ ಆಮೇಲೆ ಒಬ್ಬ ಡಾಕ್ಟರು ಬಿಡಿಸಿ ಹೇಳಿದರು. ಅಲ್ಲಿಯವರೆಗೆ ಅದು ಹಟ, ಸೋಮಾರಿತನ ಅಂತಲೇ ನಮ್ಮ ಮನೆಯಲ್ಲಿ ಜಗಳ ನಡೆದಿತ್ತು.

ಸ್ಕ್ಯಾನಿನಲ್ಲಿ ಎಲ್ಲ ಸರಿಯಿದೆಯಲ್ಲ ಎಂದು ಕೇಳುವವರಿಗೆ ನಾನು ನಮ್ಮ ಮಂಡಿಯ ಮಾತನ್ನೇ ಹೇಳುತ್ತೇನೆ. ಕರಟಕ್ಕೆ ಒಂದು ಗೀರೂ ಇಲ್ಲದ ಕಾಯಿಯ ಒಳಗೆ ಗಿಟುಕು ಒಡೆದಿರಬಹುದು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ವೇಗವಾಗಿ ಹೋಗುತ್ತಿದ್ದ ತಲೆ ಗಕ್ಕನೆ ನಿಂತಾಗ ಮೆದುಳು ಒಳಗೇ ಎಳೆದಾಡಿ, ಅದರ ಸೂಕ್ಷ್ಮ ಎಳೆಗಳು ಅಲ್ಲಲ್ಲಿ ಹರಿಯುತ್ತವೆ. ಅದು ಸಿಟಿ ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ.

ಇನ್ನು ಮನೆಯವರ ಕಥೆ. ಅತ್ತೆಯವರಿಗೆ ಮಗನಿಗೆ ಗಾಳಿ ಸೋಕಿದೆ ಅನ್ನುವ ನಂಬಿಕೆ. ತಾಯತ ಕಟ್ಟಿಸಿದರು, ಹರಕೆ ಹೊತ್ತರು. ನಾನು ಬೇಡ ಅನ್ನಲಿಲ್ಲ, ಆದರೆ ಫಿಟ್ಸ್ ಮಾತ್ರೆ ನಿಲ್ಲಿಸಿ ಅಂದಾಗ ಜಗಳ ಆಡಬೇಕಾಯಿತು. ನೆಂಟರಲ್ಲಿ ಕೆಲವರು, ಹೆಂಡತಿ ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ಅದಕ್ಕೇ ಹೀಗಾಡುತ್ತಾನೆ ಅಂದರು. ಪಿಯುಸಿ ಓದುವ ಮಗಳು ಗೆಳತಿಯರನ್ನು ಮನೆಗೆ ಕರೆತರುವುದು ಬಿಟ್ಟಳು. ಅಪ್ಪ ಯಾವಾಗ ಏನು ಅಂದುಬಿಡುತ್ತಾರೋ ಎಂಬ ಭಯ. ಚಿಕ್ಕವನು ಮಾತ್ರ ಬೇಗ ಹೊಂದಿಕೊಂಡ. ಒಂದೇ ಪ್ರಶ್ನೆಯನ್ನು ಅಪ್ಪ ಎಷ್ಟು ಸಲ ಕೇಳಿದರೂ ಅಷ್ಟೂ ಸಲ ಉತ್ತರ ಹೇಳುತ್ತಾನೆ, ಆ ತಾಳ್ಮೆ ನನಗಿಲ್ಲ. ಗಂಡ ಹೆಂಡತಿ ಮಧ್ಯೆ ಏನಾಗುತ್ತದೆ ಎಂಬುದನ್ನು ಇಲ್ಲಿ ಬರೆಯಲಾರೆ. ಇಂಥ ಮನೆಗಳ ಹೆಂಗಸರಿಗೆ ಅದು ಬರೆಯದೆಯೂ ತಿಳಿಯುತ್ತದೆ. ತೀರಿಕೊಂಡವರಿಗಾಗಿ ಅತ್ತರೆ ಊರೇ ಬಂದು ಕೂರುತ್ತದೆ. ಎದುರಿಗೆ ಕೂತು ಊಟ ಮಾಡುತ್ತಿರುವವರಿಗಾಗಿ ಅತ್ತರೆ ಜನ ಬೈಯುತ್ತಾರೆ. ‘ನೋಡೋಕೆ ಚೆನ್ನಾಗೇ ಇದ್ದಾರಲ್ಲ, ಇನ್ನೇನು ಬೇಕು ನಿನಗೆ?’

ಅದೇ ಮಾತನ್ನು ಸರ್ಕಾರಿ ಟೇಬಲ್ಲಿನ ಆಚೆಯಿಂದಲೂ ಕೇಳಿದೆ. ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಕರೆದುಕೊಂಡು ಹೋಗಿದ್ದೆ. ಇವರು ನಡೆದುಕೊಂಡು ಒಳಗೆ ಹೋದರು, ನಮಸ್ಕಾರ ಮಾಡಿದರು, ಹೆಸರು ಊರು ಹೇಳಿದರು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಕೈಕಾಲು ಸರಿಯಿದೆ, ಕಣ್ಣು ಕಿವಿ ಸರಿಯಿದೆ, ಇವರನ್ನು ಯಾವ ಪಟ್ಟಿಗೆ ಹಾಕುವುದು ಅಂತ ಅವರೇ ನನ್ನನ್ನು ಕೇಳಿದರು. ಅಣಕಕ್ಕೆ ಕೇಳಿದ್ದಲ್ಲ. ನಿಜಕ್ಕೂ ಅವರಿಗೆ ಗೊತ್ತಿರಲಿಲ್ಲ.

ಹಾಗಾಗಿ ನಾನೇ ಕಾಯ್ದೆ ಓದಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ 21 ಬಗೆಯ ವೈಕಲ್ಯಗಳಿವೆ. ದೀರ್ಘಕಾಲದ ನರರೋಗ ಅನ್ನುವ ಭಾಗದಲ್ಲಿ ಹೆಸರಿಸಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ಸ್ ಎರಡನ್ನು. ಪೆಟ್ಟಿನಿಂದಾದ ಮೆದುಳಿನ ಹಾನಿಗೆ ಅಲ್ಲಿ ಅದರದೇ ಹೆಸರಿಲ್ಲ. ಒಂದು ಕಡೆ ಕೈಕಾಲು ಸ್ವಾಧೀನ ಇಲ್ಲದಿದ್ದರೆ ಚಲನೆಯ ವೈಕಲ್ಯ ಅಂತ ಕೊಡುತ್ತಾರೆ. ಮಾತು ಹೋಗಿದ್ದರೆ ವಾಕ್ ವೈಕಲ್ಯ. ಬರೀ ನೆನಪು, ವಿವೇಕ, ಸ್ವಭಾವ ಹೋದವರು ಮಾನಸಿಕ ಅಸ್ವಸ್ಥತೆ ಎಂಬ ಬಾಗಿಲು ತಟ್ಟಬೇಕು, ತೆರೆದರೆ ಪುಣ್ಯ. ಶೇಕಡಾ 40 ಎಂಬ ಗೆರೆ ದಾಟದಿದ್ದರೆ ಹೆಚ್ಚಿನ ಸೌಲಭ್ಯಗಳು ಸಿಗುವುದಿಲ್ಲ. ಅದೇ ಕಾಯ್ದೆಯ ಅನುಸೂಚಿಯ ಕೊನೆಯಲ್ಲಿ, ಕೇಂದ್ರ ಸರ್ಕಾರ ಬೇರೆ ವೈಕಲ್ಯಗಳನ್ನೂ ಅಧಿಸೂಚನೆ ಹೊರಡಿಸಿ ಸೇರಿಸಬಹುದು ಎಂದಿದೆ. ಅಂದರೆ ದಾರಿ ಇದೆ. ಯಾರಾದರೂ ಕೇಳಬೇಕು. ಒಂದು ರಾಜ್ಯದ ಆರೋಗ್ಯ ಸಚಿವರು ಕೇಳುವುದಕ್ಕೂ ನನ್ನಂಥ ಒಬ್ಬ ಅತಿಥಿ ಶಿಕ್ಷಕಿ ಕೇಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ನಮ್ಮ ರಾಜ್ಯದ್ದೇ ಒಂದು ಉದಾಹರಣೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವ ಮನೆಯವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ಸರ್ಕಾರ ಬಜೆಟ್‌ನಲ್ಲಿ ಹೇಳಿತ್ತು. ಓದಿದಾಗ ಸಂತೋಷವಾಯಿತು. ನೋಡಿಕೊಳ್ಳುವವರೂ ಒಬ್ಬರಿರುತ್ತಾರೆ ಅಂತ ಸರ್ಕಾರ ಒಪ್ಪಿಕೊಂಡಿತಲ್ಲ ಅಂತ. ಆದರೆ ಆ ಪಟ್ಟಿಯಲ್ಲೂ ನಾವಿಲ್ಲ. ಸಾವಿರ ರೂಪಾಯಿಗೆ ಏನೂ ಬರುವುದಿಲ್ಲ, ಅದು ಬೇರೆ ಮಾತು. ಪಟ್ಟಿಯಲ್ಲಿ ಹೆಸರಿದ್ದರೆ ನಾಳೆ ಇನ್ನೊಂದು ಬಾಗಿಲು ತಟ್ಟಬಹುದು.

ಬ್ಯಾಂಕಿನಲ್ಲೂ ಇದೇ ಪಾಡು. ಖಾತೆ ಅವರ ಹೆಸರಿನಲ್ಲಿ, ಸಹಿ ಈಗ ದಿನಕ್ಕೊಂದು ಥರ. ಅವರು ಬದುಕಿದ್ದಾರೆ, ಹಾಗಾಗಿ ನಾಮಿನಿಗೆ ದುಡ್ಡು ಕೊಡುವಂತಿಲ್ಲ. ವಿಷಯ ಅರ್ಥವಾಗುವುದಿಲ್ಲ, ಹಾಗಾಗಿ ಅವರ ಕೈಗೂ ಕೊಡುವಂತಿಲ್ಲ. ಹುಟ್ಟಿನಿಂದ ಬುದ್ಧಿಮಾಂದ್ಯತೆ ಇರುವವರಿಗೆ, ಆಟಿಸಂ ಇರುವವರಿಗೆ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಯೇ ಪೋಷಕರನ್ನು ನೇಮಿಸುತ್ತದೆ. ನಮ್ಮಂಥವರು ಕೋರ್ಟಿಗೆ ಹೋಗಿ ಎಂದು ಹೇಳಿಸಿಕೊಂಡು ಬರುತ್ತೇವೆ.

ಕೋರ್ಟಿನ ವಿಷಯ ನಿಮ್ಮ ಇಲಾಖೆಯದಲ್ಲ, ಗೊತ್ತು. ಆದರೂ ಎರಡು ಮಾತು, ಯಾಕೆಂದರೆ ಅಲ್ಲಿ ಸಾಕ್ಷಿ ಹೇಳುವವರು ನಿಮ್ಮ ಡಾಕ್ಟರುಗಳೇ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ನೋಡಿ. ಮೂಳೆ ಮುರಿದರೆ ಗಂಭೀರ ಗಾಯ. ಹಲ್ಲು ಮುರಿದರೂ ಗಂಭೀರ ಗಾಯ. ಮನುಷ್ಯನ ಸ್ವಭಾವವೇ ಮುರಿದರೆ ಅದಕ್ಕೆ ಹೆಸರಿಟ್ಟ ಜಾಗವಿಲ್ಲ, ಜೀವಕ್ಕೆ ಅಪಾಯ ತಂದ ಪೆಟ್ಟು ಅಂತ ಹೇಳಿಕೊಂಡು ಒಳಗೆ ಹೋಗಬೇಕು. ಅಪಘಾತವಾದ 6 ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು ಎಂಬ ನಿಯಮ 2022ರ ಏಪ್ರಿಲ್‌ನಿಂದ ಜಾರಿಗೆ ಬಂತು. ಮೆದುಳಿಗೆ ಪೆಟ್ಟಾದವರ ಮನೆಯಲ್ಲಿ ಆರು ತಿಂಗಳು ಆಸ್ಪತ್ರೆ, ಡ್ರೆಸ್ಸಿಂಗ್, ಸಾಲದಲ್ಲೇ ಕಳೆದುಹೋಗುತ್ತದೆ. ನಿಜವಾಗಿ ಏನು ಹೋಗಿದೆ ಎಂದು ತಿಳಿಯುವುದೇ ಆಮೇಲೆ. ನಮ್ಮ ಕೇಸಿನಲ್ಲಿ ವಿಮೆ ಕಡೆಯ ವಕೀಲರು ಕೇಳಿದ ಪ್ರಶ್ನೆಗಳು ಇವು. ನಡೀತಾರಲ್ವಾ? ಊಟ ಮಾಡ್ತಾರಲ್ವಾ? ಮಕ್ಕಳ ಹೆಸರು ಗೊತ್ತಲ್ವಾ? ಮೂರಕ್ಕೂ ಹೌದು ಎಂದೇ ಹೇಳಬೇಕಿತ್ತು, ಹೇಳಿದೆ. ದೇಹದಲ್ಲಿ ಎಷ್ಟು ಶೇಕಡಾ ವೈಕಲ್ಯ ಎನ್ನುವುದು ಬೇರೆ, ಅದರಿಂದ ದುಡಿಮೆ ಎಷ್ಟು ಹೋಯಿತು ಎನ್ನುವುದು ಬೇರೆ ಅಂತ ಸುಪ್ರೀಂ ಕೋರ್ಟ್ ಹಿಂದೆಯೇ ಬಿಡಿಸಿ ಹೇಳಿದೆ. 2020ರ ಇನ್ನೊಂದು ತೀರ್ಪಿನಲ್ಲಿ, 12ನೇ ವಯಸ್ಸಿನಲ್ಲಿ ತಲೆಗೆ ಪೆಟ್ಟು ಬಿದ್ದ ಹುಡುಗಿಯೊಬ್ಬಳಿಗೆ ಜೀವನಪೂರ್ತಿ ಇಬ್ಬರು ಸಹಾಯಕರು ಬೇಕು ಎಂದು ಲೆಕ್ಕ ಹಾಕಿ, ಅದಕ್ಕೇ 21 ಲಕ್ಷದ 60 ಸಾವಿರ ರೂಪಾಯಿ ಕೊಡಿಸಿದೆ. ನೋಡಿಕೊಳ್ಳುವುದೂ ಒಂದು ಕೆಲಸ, ಅದಕ್ಕೂ ಕೂಲಿ ಇದೆ ಅಂತ ದೇಶದ ದೊಡ್ಡ ಕೋರ್ಟೇ ಒಪ್ಪಿದೆ. ಮನೆಯಲ್ಲಿ ಆ ಕೆಲಸವನ್ನು ಹೆಂಗಸರು ಪುಕ್ಕಟೆ ಮಾಡುತ್ತಾರೆ, ಹಾಗಾಗಿ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಲೆಕ್ಕದ ಮಾತು ಬಂತಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, 4,43,366 ಜನ ಗಾಯಗೊಂಡರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಇಷ್ಟು ಕರಾರುವಾಕ್ಕಾದ ಲೆಕ್ಕ ಇಡುವ ದೇಶಕ್ಕೆ, ಆ ಗಾಯಾಳುಗಳಲ್ಲಿ ಎಷ್ಟು ಜನ ಮತ್ತೆ ಕೆಲಸಕ್ಕೆ ಹೋದರು, ಎಷ್ಟು ಜನ ಮನೆಯ ಮೂಲೆ ಸೇರಿದರು ಎಂಬ ಒಂದು ಕಾಲಂ ಹೆಚ್ಚಿಗೆ ಹಾಕುವುದು ಕಷ್ಟವೇ? ಇನ್ನು ರಸ್ತೆಯಲ್ಲಿ ಬೀಳದವರು ಆ ವರದಿಗೂ ಬರುವುದಿಲ್ಲ. ತೆಂಗಿನ ಮರದಿಂದ ಬಿದ್ದವರು, ಕಟ್ಟಡದ ಸಾರುವೆಯಿಂದ ಬಿದ್ದ ಕೂಲಿಗಳು, ಬಚ್ಚಲಲ್ಲಿ ಜಾರಿದ ಅಜ್ಜಿಯರು. ಗಂಡನ ಹೊಡೆತಕ್ಕೆ ತಲೆ ಗೋಡೆಗೆ ಬಡಿದು, ಬಾಗಿಲು ತಗುಲಿತು ಅಂತ ಡಾಕ್ಟರಿಗೆ ಹೇಳುವ ಹೆಂಗಸರು.

ಸುಮ್ನೆ ಗೋಳು ಹೇಳಿಕೊಳ್ಳಲು ಬರೆಯುತ್ತಿಲ್ಲ. ಕೆಲವು ಬೇಡಿಕೆಗಳಿವೆ.

ಮೊದಲನೆಯದಕ್ಕೆ ದುಡ್ಡೇ ಬೇಕಿಲ್ಲ. ತಲೆಗೆ ಪೆಟ್ಟಾಗಿ ಸೇರಿದ ಯಾರನ್ನೇ ಮನೆಗೆ ಕಳಿಸುವಾಗ, ಸರ್ಕಾರಿ ಆಸ್ಪತ್ರೆ ಇರಲಿ ಖಾಸಗಿ ಇರಲಿ, ಮನೆಯವರ ಕೈಗೆ ಕನ್ನಡದಲ್ಲಿ ಒಂದು ಹಾಳೆ ಕೊಡಲೇಬೇಕು ಎಂದು ಆದೇಶ ಮಾಡಿ. ವಾಸನೆ ಹೋಗಿರಬಹುದು, ಗ್ಯಾಸ್ ಬಗ್ಗೆ ಎಚ್ಚರ. ಸಿಟ್ಟು ಬರಬಹುದು, ಅದು ಬೇಕಂತ ಮಾಡುವುದಲ್ಲ. ಸುಸ್ತು ಸೋಮಾರಿತನವಲ್ಲ. ಫಿಟ್ಸ್ ತಿಂಗಳುಗಳು ಕಳೆದ ಮೇಲೂ ಬರಬಹುದು, ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರು ಹೇಳುವವರೆಗೆ ಗಾಡಿ ಓಡಿಸಲು ಬಿಡಬೇಡಿ. ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವಿದೆ. ಇಷ್ಟು ಬರೆದಿದ್ದರೆ ಎಷ್ಟೋ ಮನೆಗಳಲ್ಲಿ ಜಗಳ ತಪ್ಪುತ್ತದೆ, ಕೆಲವು ಕಡೆ ಜೀವವೂ ಉಳಿಯುತ್ತದೆ. ಅದನ್ನು ಓದಿ ಹೇಳಲು ಒಬ್ಬ ನರ್ಸಮ್ಮನಿಗೆ ಕಾಲು ಗಂಟೆ ಬಿಡುವು ಮಾಡಿಕೊಡಿ.

ಎರಡನೆಯದು ದೊಡ್ಡದು. ನಿಮ್ಹಾನ್ಸ್ ಜೊತೆ ಸೇರಿ ನಿಮ್ಮ ಇಲಾಖೆಯೇ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದೆ. ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಮೊದಲು ಮಾಡಿ ನೋಡಿ, ಆಮೇಲೆ ಬೇರೆ ಜಿಲ್ಲೆಗಳಿಗೂ ಒಯ್ದಿರಿ. ತಲೆನೋವು, ಮೂರ್ಛೆರೋಗ, ಲಕ್ವ, ಮರೆವಿನ ಕಾಯಿಲೆಗೆ ಜನ ಬೆಂಗಳೂರಿಗೆ ಅಲೆಯುವುದು ತಪ್ಪಲಿ ಎನ್ನುವುದು ಅದರ ಉದ್ದೇಶ. ತುಂಬಾ ಒಳ್ಳೆಯ ಕೆಲಸ. ಪೆಟ್ಟು ಬಿದ್ದ ಮೆದುಳೂ ಮೆದುಳೇ ತಾನೆ? ಅದೇ ಕ್ಲಿನಿಕ್ಕಿನಲ್ಲಿ ವಾರಕ್ಕೊಂದು ದಿನ ತಲೆಪೆಟ್ಟಿನವರನ್ನೂ ನೋಡಲಿ. ಡಾಕ್ಟರು ಒಬ್ಬರೇ ಸಾಲದು. ನೆನಪು, ಗಮನ, ಮಾತು, ದಿನದ ಕೆಲಸಗಳನ್ನು ಮತ್ತೆ ಕಲಿಸುವವರು ಬೇಕು. ಇಂಥ ಪುನಶ್ಚೇತನ ನಿಮ್ಹಾನ್ಸ್‌ನಲ್ಲಿ ಸಿಗುತ್ತದೆ. ಆದರೆ ಬೀದರಿನವರು, ರಾಯಚೂರಿನವರು ಪ್ರತಿಸಲ ಹೊಸೂರು ರಸ್ತೆಗೆ ಬರಲಾದೀತೇ? ಬಸ್ಸಿನ ಗಲಾಟೆಯೇ ತಡೆಯದ ರೋಗಿಯನ್ನು ಒಂದು ರಾತ್ರಿಯ ಪ್ರಯಾಣ ಮಾಡಿಸಿ ನೋಡಿ, ಗೊತ್ತಾಗುತ್ತದೆ. ತಾಲ್ಲೂಕು, ಪಂಚಾಯಿತಿ ಮಟ್ಟದಲ್ಲಿ ಈಗಾಗಲೇ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಬಹುಪಾಲು ಜನ ತಾವೇ ವಿಕಲಚೇತನರು, ಮನೆಯ ಕಷ್ಟ ಗೊತ್ತಿರುವವರು. ಅವರಿಗೆ ತರಬೇತಿ ಕೊಡಿಸಿ, ಇಂಥ ಮನೆಗಳಿಗೆ ತಿಂಗಳಿಗೊಮ್ಮೆ ಕಳಿಸಿ.

ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಪರೇಷನ್ನಿಗೆ ಸಿಗುವಷ್ಟು ಸಲೀಸಾಗಿ ಆಮೇಲಿನ ತಿಂಗಳುಗಳ ಪುನಶ್ಚೇತನಕ್ಕೂ ಹಣ ಸಿಗಬೇಕು. ಪ್ರಮಾಣಪತ್ರ ಕೊಡುವ ಡಾಕ್ಟರುಗಳಿಗೆ, ಹೆಸರು ಊರು ಕೇಳಿ ಕಳಿಸಬೇಡಿ, ಮನೆಯವರನ್ನು ಕೂರಿಸಿ ಒಂದು ದಿನ ಹೇಗೆ ಕಳೆಯುತ್ತದೆ ಕೇಳಿ ಅಂತ ಲಿಖಿತ ಸೂಚನೆ ಹೋಗಲಿ. ಆರೈಕೆದಾರರ ಪಟ್ಟಿಗೆ ಮೆದುಳಿನ ಪೆಟ್ಟನ್ನು ಸೇರಿಸಲು ವಿಕಲಚೇತನರ ಇಲಾಖೆಯ ಸಚಿವರ ಜೊತೆ ಮಾತಾಡಿ, ಅವರು ನಿಮ್ಮ ಸಂಪುಟದವರೇ. 21ರ ಪಟ್ಟಿಗೆ ಸೇರಿಸುವಂತೆ ದೆಹಲಿಗೆ ಒಂದು ಶಿಫಾರಸು ಕಳಿಸಿ.

ಅರ್ಧ ಹೆಲ್ಮೆಟ್ ವಿಷಯ ಗೃಹ ಮತ್ತು ಸಾರಿಗೆ ಇಲಾಖೆಯದು. ಆದರೂ ಹೇಳಿಬಿಡುತ್ತೇನೆ. ಹಾಕಿಕೊಂಡವರಿಗೆ ದಂಡ ಹಾಕುತ್ತೀರಿ, ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವವರನ್ನು ಬಿಡುತ್ತೀರಿ. ಇದು ಯಾವ ನ್ಯಾಯ?

ಎಲ್ಲವೂ ಒಂದೇ ಸಲ ಆಗುವುದಿಲ್ಲ ಅಂತ ಗೊತ್ತು. ಹಾಗಾಗಿ ಆ ಒಂದು ಹಾಳೆಯಿಂದ ಶುರು ಮಾಡಿ. ಅದಕ್ಕೆ ಬಜೆಟ್ಟಿಗೆ ಕಾಯಬೇಕಿಲ್ಲ, ಸಂಪುಟದ ಒಪ್ಪಿಗೆ ಬೇಕಿಲ್ಲ, ನಿಮ್ಮ ಆಯುಕ್ತರ ಒಂದು ಸುತ್ತೋಲೆ ಸಾಕು. ಕರಡು ಬರೆಯಲು ಇಲಾಖೆಯಲ್ಲಿ ಯಾರಿಗೂ ಪುರುಸೊತ್ತಿಲ್ಲದಿದ್ದರೆ, ನಾವು ಇಂಥ ಮನೆಗಳ ನಾಲ್ಕಾರು ಹೆಂಗಸರು ಸೇರಿ ಬರೆದುಕೊಡುತ್ತೇವೆ. ನಿಮ್ಮ ಡಾಕ್ಟರುಗಳು ತಿದ್ದಿದರೆ ಆಯಿತು. ಯಾವಾಗ ಬಂದು ಕೊಡಬೇಕು ಎಂಬುದಕ್ಕೆ ನಿಮ್ಮ ಕಚೇರಿಯಿಂದ ಒಂದು ತಾರೀಖು ತಿಳಿಸಿ. ಬೆಳಗಿನ ಹೊತ್ತಾದರೆ ಅನುಕೂಲ. ಮಧ್ಯಾಹ್ನದ ಮೇಲೆ ಇವರನ್ನು ಒಬ್ಬರೇ ಬಿಟ್ಟು ಬರಲು ಆಗುವುದಿಲ್ಲ.

ಇಂತಿ,
ತಮ್ಮ ಉತ್ತರದ ನಿರೀಕ್ಷೆಯಲ್ಲಿರುವ
ಸರ್ಕಾರಿ ಶಾಲೆಯೊಂದರ ಅತಿಥಿ ಶಿಕ್ಷಕಿ